ಹಾಸನ, ಲೈನಿನಲ್ಲಿರಿ

"ನಿನಗೆ ಮದುವೆ ಅಂತ ಹೇಳಿಬಿಟ್ಟೆ ಮಾರಾಯ್ತಿ," ಎಂದಳು ಜೊತೆಗೆ ಕೆಲಸ ಮಾಡುವ ಉಮಾವತಿ, ಆಸ್ಪತ್ರೆಯ ಸ್ಟೂಲಿನ ತುದಿಯಲ್ಲಿ ಕೂತು.

ಮಂಚದ ಮೇಲೆ ದಿಂಬಿಗೆ ಒರಗಿದ್ದ ವಿನೋದಾ ಕಣ್ಣರಳಿಸಿದಳು. ಅವಳಿಂದ ಆಗುತ್ತಿದ್ದದ್ದು ಅಷ್ಟೇ. ಕುತ್ತಿಗೆಯ ಸುತ್ತ ಬಿಳಿ ಬ್ಯಾಂಡೇಜು, ಬಾಯಿಗೆ ಡಾಕ್ಟರರ ಬೀಗ. ಥೈರಾಯ್ಡ್ ಗಡ್ಡೆ ತೆಗೆದು ವಾರವೂ ಆಗಿರಲಿಲ್ಲ. ಗಾಯ ಮಾಯುವವರೆಗೆ ಒಂದಕ್ಷರ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಅಪ್ಪಣೆಯಾಗಿತ್ತು.

"ಯಾರಿಗೆ ಅಂತ ಕೇಳ್ಬೇಡ. ಹಾಸನಕ್ಕೆ."

ವಿನೋದಾ ಮಡಿಲಲ್ಲಿದ್ದ ಹಿತ್ತಾಳೆಯ ಗಂಟೆ ಎತ್ತಿಕೊಂಡಳು. ದೇವರ ಕೋಣೆಯ ಗಂಟೆ ಅದು. ಮಾತು ನಿಂತ ಮೇಲೆ ಉಮಾವತಿಯೇ ತಂದುಕೊಟ್ಟು, ಒಂದು ಸಲ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಇಲ್ಲ ಎಂದು ಕಾನೂನು ಮಾಡಿದ್ದಳು. ಈಗ ವಿನೋದಾ ಎರಡು ಸಲ ಬಾರಿಸಿದಳು. ಮತ್ತೆ ಎರಡು ಸಲ. ಮತ್ತೆ. ಪಕ್ಕದ ಮಂಚದ ಅಜ್ಜಿ ಮಂಗಳಾರತಿಯೆಂದು ಎದ್ದು ಕೂತು ಕೈಮುಗಿದರು.

"ಇಲ್ಲ ಇಲ್ಲ ಅಂದ್ರೆ ನಾನು ಎಂತ ಮಾಡ್ಲಿ? ಕೇಳು ಮೊದಲು. ದಿನಾ ಕೇಳ್ತಾನೆ ಅವ, ವಿನೋದಾ ಎಲ್ಲಿ, ವಿನೋದಾ ಎಲ್ಲಿ ಅಂತ. ಲಾಂಗ್ ಲೀವ್ ಅಂದೆ. ಯಾಕೆ ಅಂದ. ನಿನ್ನ ಅಮ್ಮ ನನ್ನ ಕೈಯಿಂದ ಆಣೆ ಹಾಕಿಸಿದ್ದಾರಲ್ಲ, ಆಪರೇಷನ್ ಅಂತ ಹೊರಗೆ ಹೇಳ್ಬಾರದು ಅಂತ! ನಾನು ಸುಮ್ಮನಿದ್ದೆ. ಕಡೆಗೆ ಅವನೇ ಕೇಳಿದ, 'ಮದುವೆಯಾ?' ಅಂತ. ನನ್ನ ಬಾಯಿಗೆ ಹೌದು ಅಂತ ಬಂತು."

ಉಮಾವತಿಯನ್ನು ಬೈದು ಪ್ರಯೋಜನವಿಲ್ಲ. ಎಂಬತ್ತೊಂದನೇ ಇಸವಿಯ ಮಂಗಳೂರಿನಲ್ಲಿ ಮದುವೆಯಾಗದ ಹುಡುಗಿಯ ಮೈಗೆ ಕತ್ತರಿ ತಾಗಿದೆ ಎಂದರೆ, ಅದು ಅಕ್ಕಪಕ್ಕದವರಿಗೆ ತಿಳಿಯಬಾರದ ಸಂಗತಿ. ಹುಡುಗಿ ಬೊಂಬಾಯಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆಂದು ವಿನೋದಾಳ ಅಮ್ಮ ತಮ್ಮ ಬಿಜೈ ಕೇರಿಯಲ್ಲೆಲ್ಲ ಹೇಳಿಯಾಗಿತ್ತು. ಇನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಡುಗಿಯರ ಲಾಂಗ್ ಲೀವಿಗೆ ಇದ್ದದ್ದೇ ಎರಡು ಕಾರಣ, ಮದುವೆ ಮತ್ತು ಬಾಣಂತನ. ಅದೂ ಮೇ ತಿಂಗಳು. ಹಾಸನದವನು ಬೇರೆ ಏನೆಂದು ತಿಳಿದುಕೊಳ್ಳಬೇಕು?

ವಿನೋದಾ ಉಮಾವತಿಯ ಅಂಗೈ ಎಳೆದುಕೊಂಡು ಬೆರಳಿನಿಂದ ಬರೆದಳು: ಅವರು ಎಂತ ಹೇಳಿದರು?

"ಎಂತದೂ ಇಲ್ಲ. ಸ್ವಲ್ಪ ಹೊತ್ತು ಲೈನಿನಲ್ಲಿ ಬರೀ ಗಾಳಿ. ಆಮೇಲೆ ಒಳ್ಳೇದಾಗ್ಲಿ ಅಂದ." ಉಮಾವತಿ ಮುಖ ತಗ್ಗಿಸಿದಳು. "ಇವತ್ತು ನಿನ್ನ ಹೆಸರೇ ಎತ್ತಲಿಲ್ಲ."

ವಿನೋದಾ ಗಂಟೆಯನ್ನು ಮೆಲ್ಲಗೆ, ಸದ್ದಾಗದಂತೆ, ಹಾಸಿಗೆಯ ಮೇಲಿಟ್ಟಳು. ಅಳಲೂ ಕೂಡದೆಂದು ಡಾಕ್ಟರು ಹೇಳಿದ್ದರು, ಹೊಲಿಗೆ ಎಳೆಯುತ್ತದಂತೆ. ಆದರೂ ಕಣ್ಣು ತುಂಬಿ ಬಂತು.

*

ಅವನ ಹೆಸರು ಪುಟ್ಟರಾಜು. ಹಾಸನದ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಇವಳು ಮಂಗಳೂರಿನ ಟ್ರಂಕ್ ಬೋರ್ಡಿನಲ್ಲಿ. ಎಸ್‌ಟಿಡಿ ಇನ್ನೂ ಎಲ್ಲ ಊರಿಗೂ ಬಂದಿರಲಿಲ್ಲ. ಒಂದೂರಿನವರು ಇನ್ನೊಂದೂರಿನವರ ಜೊತೆ ಮಾತಾಡಬೇಕಾದರೆ ನಡುವೆ ಇಬ್ಬರು ಆಪರೇಟರುಗಳು ಇರಲೇಬೇಕು. ಅವರಿಗೆ ಲೈನಿನಲ್ಲಿ ಹೆಸರಿಲ್ಲ, ಊರೇ ಹೆಸರು. ಅವಳು ಅವನಿಗೆ ಮಂಗಳೂರು, ಅವನು ಅವಳಿಗೆ ಹಾಸನ.

ಪ್ರೀತಿ ಬೆಳೆದದ್ದು ಪಿಪಿ ಕಾಲುಗಳ ದಯೆಯಿಂದ. ಇಂಥವರೇ ಬೇಕೆಂದು ಬುಕ್ ಮಾಡುವ ಕಾಲ್ ಅದು. ಫೋನು ಇರುವುದು ಒಂದು ಅಂಗಡಿಯಲ್ಲಿ, ಮನುಷ್ಯ ಇರುವುದು ನಾಲ್ಕು ಮನೆಯಾಚೆ. ಅಂಗಡಿಯವನು ಜನ ಕಳಿಸಿ, ಅವರು ಮುಂಡು ಸರಿಮಾಡಿಕೊಂಡು ಓಡಿಬರುವವರೆಗೆ ಆಪರೇಟರುಗಳಿಬ್ಬರೂ ಲೈನ್ ಬಿಡುವಂತಿಲ್ಲ. ಸುಮ್ಮನೆ ಕಾಯುವುದೇ ಡ್ಯೂಟಿ. ಮೂರು ವರ್ಷ ಹೀಗೆ ಕಾದರು.

"ಊಟ ಆಯ್ತಾ ಮಂಗಳೂರು?"

"ಆಯ್ತು. ನಿಮ್ಮದು?"

"ಆಯ್ತು. ಏನು ಪಲ್ಯ?"

"ಬಂಗುಡೆ ಪುಳಿಮುಂಚಿ."

"ಅದು ಪಲ್ಯ ಅಲ್ಲ ಕಣ್ರೀ, ಮೀನು."

"ಕೇಳಿದ್ದು ನೀವು. ಇದ್ದದ್ದು ನಾನು ಹೇಳಿದೆ."

ಅವನು ನಕ್ಕರೆ ಅವಳ ಕಿವಿ ಬೆಚ್ಚಗಾಗುತ್ತಿತ್ತು. ಒಂದು ದಿನ, ಕಡೂರಿನ ಕಾಫಿ ವ್ಯಾಪಾರಿಗಾಗಿ ಕಾಯುತ್ತಿದ್ದಾಗ, ಅವನು ಇದ್ದಕ್ಕಿದ್ದಂತೆ ಅಂದ: "ನಿಮ್ಮ ಧ್ವನಿ ಬಂದ್ರೆ ಈ ಲೈನಿನ ಗರಗರ ಎಲ್ಲ ನಿಂತುಹೋಗುತ್ತೆ." ಅವಳಿಗೆ ಏನು ಹೇಳಬೇಕೆಂದು ತಿಳಿಯದೆ, "ಹಾಸನ, ಲೈನಿನಲ್ಲಿರಿ," ಎಂದುಬಿಟ್ಟಳು. ಅವನು ಎಲ್ಲಿಗೂ ಹೋಗಿರಲಿಲ್ಲ.

ಅದಕ್ಕಿಂತ ಮುಂದೆ ಇಬ್ಬರೂ ಹೋಗಲಿಲ್ಲ. ಬನ್ನಿ ಎಂದು ಇವಳು ಹೇಳಲಿಲ್ಲ, ಬರಲೇ ಎಂದು ಅವನು ಕೇಳಲಿಲ್ಲ. ಇಬ್ಬರ ಜಾತಿ ಬೇರೆ, ಊರು ಬೇರೆ, ಊಟ ಬೇರೆ. ಕುತ್ತಿಗೆಯ ಗಡ್ಡೆ ದೊಡ್ಡದಾಗುತ್ತ ಬಂದಾಗ ಅವಳು ಸೆರಗನ್ನು ಕೊರಳ ಸುತ್ತ ಹೊದ್ದು ಡ್ಯೂಟಿಗೆ ಹೋದಳು. ಲೈನಿನಲ್ಲಿ ಗಡ್ಡೆ ಕಾಣುವುದಿಲ್ಲ ಎಂಬುದೊಂದು ಸಮಾಧಾನ. ಡಾಕ್ಟರು ಆಪರೇಷನ್‌ಗೆ ಮೊದಲು ಕೂರಿಸಿ ಹೇಳಿದರು: ಸ್ವರದ ನರ ಅಲ್ಲೇ ಗಡ್ಡೆಯ ಪಕ್ಕದಲ್ಲಿ ಇರುತ್ತದೆ, ನೂಲಿನ ಹಾಗೆ. ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಸ್ವರ ಒಡೆಯಬಹುದು. ಬೇರೆ ರೋಗಿಗಳು ಬದುಕುತ್ತೇನೆಯೇ ಎಂದು ಕೇಳುತ್ತಾರಂತೆ. ಇವಳು ಕೇಳಿದ್ದು, "ಹಲೋ ಅನ್ನಲಿಕ್ಕೆ ಆಗ್ತದಲ್ಲ?"

*

ಬಾಯಿಯ ಬೀಗ ತೆಗೆದ ದಿನ ಮಂಚದ ಸುತ್ತ ಮೂರು ಜನ ನಿಂತಿದ್ದರು. ಅಮ್ಮ, ಉಮಾವತಿ, ಮತ್ತು ಅಕ್ಕಪಕ್ಕದಲ್ಲಿ ಗುಟ್ಟು ತಿಳಿದಿದ್ದ ಒಬ್ಬಳೇ, ಪಕ್ಕದ ಮನೆಯ ನಸೀಬಾ. ನಸೀಬಾ ಒಂದನೇ ಕ್ಲಾಸಿನಿಂದ ವಿನೋದಾಳ ಜೊತೆಗಾರ್ತಿ, ಈಗ ಹೊಲಿಗೆ ಮೆಶಿನಿನ ಒಡತಿ. ಅವಳ ಟಿಫಿನ್ ಡಬ್ಬಿಯಲ್ಲಿ ರಾಗಿ ಮಣ್ಣಿ ಇತ್ತು, ನುಂಗಲು ಮೆತ್ತಗೆ.

"ಮಾತಾಡು," ಅಂದರು ಡಾಕ್ಟರು.

ವಿನೋದಾ ಬಾಯಿ ತೆರೆದಳು. "ಅಮ್ಮಾ" ಎಂದು ಕರೆಯಹೊರಟದ್ದು, ಮರಳಿನ ಮೇಲೆ ಚೊಂಬು ಎಳೆದಂತೆ ಬಂತು.

ಅಮ್ಮ ಕಿಟಕಿಯ ಕಡೆ ತಿರುಗಿದರು. ಉಮಾವತಿ ನೆಲ ನೋಡಿದಳು. ಆಗ ನಸೀಬಾ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಅಲ್ಲಾ, ಇದು ನಮ್ಮ ಅಣ್ಣುವಿನ ಸ್ವರ ಅಲ್ವಾ!"

ಅಣ್ಣು ಬಿಜೈಯ ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ ಸ್ಟಾಪುಗಳ ಹೆಸರು ಕೂಗಿ ಕೂಗಿ ಗಂಟಲು ಸವೆದವನು. ವಿನೋದಾ ತಡೆಯಲಾರದೆ ನಕ್ಕಳು, ಹೊಲಿಗೆ ಎಳೆದು ಕುತ್ತಿಗೆ ಹಿಡಿದುಕೊಂಡು ಅತ್ತಳು, ಮತ್ತೆ ನಕ್ಕಳು. ಡಾಕ್ಟರು ನಸೀಬಾಳನ್ನು ಹೊರಗೆ ಕಳಿಸಿದರು. ಹೋಗುತ್ತ ಹೋಗುತ್ತ ಅವಳು ಬಾಗಿಲಿನಿಂದ, "ರೈಟ್, ಪೋಯಿ!" ಎಂದು ಬಸ್ಸು ಹೊರಡಿಸುವ ಕಂಡಕ್ಟರನಂತೆ ಸೀಟಿ ಊದಿದಳು.

ಸ್ವರ ಆರು ತಿಂಗಳಲ್ಲಿ ಸರಿಯಾಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ದಿನಾ ಅಭ್ಯಾಸ ಮಾಡಬೇಕು. ಮನೆಗೆ ಬಂದ ಮೇಲೆ ನಸೀಬಾ ಆ ಜವಾಬ್ದಾರಿ ಹೊತ್ತಳು. ಸಂಜೆ ಹಿತ್ತಲಿನ ಜಗಲಿಯಲ್ಲಿ ಕೂರಿಸಿ, "ಹೂಂ, ಕೂಗು. ಕಂಕನಾಡಿ, ಬಲ್ಮಠ, ಹಂಪನಕಟ್ಟೆ!" ಎನ್ನುವಳು. ವಿನೋದಾ ಕೂಗುವಳು. "ಯಾರೂ ಹತ್ತುವುದಿಲ್ಲ ಇಂಥ ಬಸ್ಸಿಗೆ. ಇನ್ನೊಮ್ಮೆ!" ಉಮಾವತಿ ಡ್ಯೂಟಿ ಮುಗಿಸಿ ಬಂದರೆ ಪ್ರಯಾಣಿಕಳಾಗಿ, ಇಳಿಯಬೇಕಾದ ಸ್ಟಾಪು ತಪ್ಪಿತೆಂದು ಜಗಳ ತೆಗೆಯುವಳು. ಕೊರಳಿನ ಕೆಂಪು ಗೆರೆ ನೋಡಿ ಅಮ್ಮ ನಿಟ್ಟುಸಿರು ಬಿಟ್ಟರೆ, "ಅದಕ್ಕೆ ಎಂತ ಚಿಂತೆ ದೊಡ್ಡಮ್ಮ? ಕರಿಮಣಿ ಬಿದ್ದರೆ ಮುಚ್ಚಿ ಹೋಗ್ತದೆ," ಎಂದು ನಸೀಬಾಳೇ ಸಮಾಧಾನ ಹೇಳುವಳು.

ಗೆಳತಿಯರು ಹೋದ ಮೇಲೆ ಮನೆ ಸುಮ್ಮನಾಗುತ್ತಿತ್ತು. ಆಗ ಹಾಸನ ನೆನಪಾಗುತ್ತಿತ್ತು. ಈಗ ಅವನು ಯಾವ ಮಂಗಳೂರಿನ ಜೊತೆ ಕಾಯುತ್ತಿದ್ದಾನೆ? ಊಟ ಆಯ್ತಾ ಎಂದು ಕೇಳುತ್ತಾನೆಯೇ? ಮುಖ ನೋಡದ ಮನುಷ್ಯನನ್ನು ನೆನೆಸಿಕೊಳ್ಳುವುದು ವಿಚಿತ್ರ ಕಷ್ಟ. ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ, ಕಿವಿ ಮಾತ್ರ ನೋಯುತ್ತದೆ.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾರೆಂದು ಅವಳು ಬಾವಿಕಟ್ಟೆಗೆ ಹೋದಳು. ಬಗ್ಗಿ ನೋಡಿದಳು. ಮೆಲ್ಲಗೆ, "ಹಲೋ ಹಾಸನ," ಎಂದಳು. ಬಾವಿಯಾದರೂ ಸ್ವಲ್ಪ ತಿದ್ದಿ ಹೇಳಬಹುದೆಂಬ ಆಸೆ. ಬಾವಿ ಅದೇ ಒಡಕು ಸ್ವರವನ್ನು ಇನ್ನಷ್ಟು ದೊಡ್ಡದು ಮಾಡಿ ವಾಪಸು ಕೊಟ್ಟಿತು. ಇನ್ನೂ ಬಗ್ಗಿ ಮತ್ತೊಮ್ಮೆ ಹೇಳಬೇಕು, ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಬಂದು ಸೊಂಟ ಹಿಡಿದವು.

"ಮಗಾ! ಎಂತ ಮಾಡ್ತಿದ್ದೀ?" ಅಮ್ಮ ಹಿಡಿತ ಸಡಿಲಿಸಲಿಲ್ಲ.

"ಎಂತ ಇಲ್ಲಮ್ಮ. ಸ್ವರ ನೋಡ್ತಾ ಇದ್ದೆ."

"ಬಾವಿಗೆ ಬಗ್ಗಿ ಯಾರು ಸ್ವರ ನೋಡ್ತಾರೆ!" ಅಮ್ಮ ಅವಳನ್ನು ಕಟ್ಟೆಯಿಂದ ಎಳೆದು ಎದೆಗೊತ್ತಿಕೊಂಡರು. "ಹೋದ್ರೆ ಹೋಗ್ಲಿ ಆ ಸ್ವರ. ನೀನು ಇರು. ನೀನು ಇದ್ರೆ ಸಾಕು ನನಗೆ."

ಅಷ್ಟು ದಿನ ಕಿಟಕಿಯ ಕಡೆ ತಿರುಗಿ ಅತ್ತಿದ್ದ ಅಮ್ಮ ಅಂದು ಅವಳ ಎದುರೇ ಅತ್ತರು.

ಈ ಸಂಗತಿ ಕೇಳಿ ಉಮಾವತಿಗೆ ಊಟ ಸೇರಲಿಲ್ಲ. "ನಾಳೆಯೇ ಅವನಿಗೆ ಹೇಳ್ತೇನೆ, ನಾನು ಹೇಳಿದ್ದು ಸುಳ್ಳು ಅಂತ."

"ಬೇಡ ಉಮಕ್ಕ."

"ಯಾಕೆ ಬೇಡ?" ನಸೀಬಾ ಸಿಡಿದಳು. "ಅವ ನಿನ್ನ ಗಂಟಲನ್ನು ಮದುವೆ ಆಗ್ತಾನಾ?"

"ಅವರಿಗೆ ನನ್ನದು ಬೇರೆ ಎಂತ ಗೊತ್ತುಂಟು ನಸೀಬಾ? ಮುಖ ಗೊತ್ತಿಲ್ಲ. ನಡಿಗೆ ಗೊತ್ತಿಲ್ಲ. ಇದ್ದದ್ದು ಅದೊಂದೇ." ಅವಳು ಕೊರಳು ಮುಟ್ಟಿಕೊಂಡಳು. "ಮದುವೆ ಆಗಿ ಹೋದಳು ಅಂದ್ರೆ ಆ ಸ್ವರ ಅವರ ಹತ್ತಿರ ಹಾಗೇ ಇರ್ತದೆ. ಇದನ್ನು ಕೇಳಿಸಿ ಅದನ್ನೂ ಯಾಕೆ ಕಿತ್ತುಕೊಳ್ಳುದು?"

ನಸೀಬಾಳ ಹತ್ತಿರ ಯಾವಾಗಲೂ ಒಂದು ತಮಾಷೆ ಸಿದ್ಧ ಇರುತ್ತಿತ್ತು. ಅಂದು ಅವಳು ವಿನೋದಾಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

*

ಜುಲೈಯಲ್ಲಿ ಅವಳು ಡ್ಯೂಟಿಗೆ ಹೋದಳು. ಎಕ್ಸ್‌ಚೇಂಜಿನ ಹುಡುಗಿಯರು ಹೂವು ಕೊಟ್ಟರು, ಯಾರೂ ಸ್ವರದ ಸುದ್ದಿ ಎತ್ತಲಿಲ್ಲ. ಸೂಪರ್‌ವೈಸರ್ ಮೇಡಂ ಕಂಪ್ಲೇಂಟ್ ತೆಗೆದುಕೊಳ್ಳುವ ಸೀಟು ಕೊಟ್ಟರು. ಅಲ್ಲಿಗೆ ಫೋನ್ ಮಾಡುವವರು ಮೊದಲೇ ಸಿಟ್ಟಿನಲ್ಲಿರುತ್ತಾರೆ, ಇವಳ ಸ್ವರ ಕೇಳಿದ ಮೇಲೆ ಸ್ವಲ್ಪ ಮೆತ್ತಗಾಗುತ್ತಿದ್ದರು.

ಹಾಸನದ ಸೀಟು ಎರಡು ಕುರ್ಚಿ ಆಚೆ, ಉಮಾವತಿಯದು. ಉಮಾವತಿ ಮಾತಾಡುವಾಗ ಇವಳು ಆಲಿಸುತ್ತಿರಲಿಲ್ಲ ಎಂದರೆ ಸುಳ್ಳು. ಕಿವಿ ಅಲ್ಲಿಯೇ ಇರುತ್ತಿತ್ತು. ಎಷ್ಟು ಆಲಿಸಿದರೂ ಕೇಳುವುದು ಉಮಾವತಿಯ ಕಡೆಯ ಮಾತು ಮಾತ್ರ.

ಜಡಿಮಳೆಯ ಒಂದು ಮಧ್ಯಾಹ್ನ ಉಮಾವತಿ ಹೊಟ್ಟೆ ಹಿಡಿದುಕೊಂಡು ಎದ್ದಳು. "ಸ್ವಲ್ಪ ನೋಡಿಕೋ ವಿನೋದಾ. ಈಗ ಬಂದೆ." ಹೊಟ್ಟೆನೋವಿನವಳು ಚಾ ಕುಡಿಯುವ ಕೋಣೆಯ ಕಡೆ ಯಾಕೆ ಹೋದಳೆಂದು ವಿನೋದಾ ಅವಳ ಕುರ್ಚಿಗೆ ಸರಿದು ಯೋಚಿಸುವಷ್ಟರಲ್ಲಿ ಬೋರ್ಡಿನಲ್ಲಿ ಹಾಸನದ ದೀಪ ಹೊತ್ತಿತು.

ಅವಳ ಕೈ ತಾನಾಗಿ ಪ್ಲಗ್ಗಿನ ತಂತಿಯನ್ನು ತೂತಿಗೆ ಚುಚ್ಚಿತು.

"ಹಲೋ ಮಂಗಳೂರು."

ಅದೇ ಸ್ವರ. ಒಂದಿಷ್ಟೂ ಬದಲಾಗಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಹೇಳಿ ಹಾಸನ."

"ಹೊಸಬ್ರಾ? ಶೀತ ಆದ ಹಾಗಿದೆ?"

"ಹೂಂ."

"ಕಷಾಯ ಕುಡೀರಿ. ಒಂದು ಪಿಪಿ ಇದೆ, ಬಜಪೆಗೆ. ಲೋಕಯ್ಯ ಅಂತ."

ಅವಳು ಬಜಪೆಯ ಅಂಗಡಿಗೆ ರಿಂಗ್ ಮಾಡಿದಳು. ಲೋಕಯ್ಯನವರ ಮನೆ ಗುಡ್ಡದಾಚೆ, ಮಳೆ ಬೇರೆ, ಕರೆಯಲು ಜನ ಕಳಿಸಿದ್ದೇನೆ, ಹಿಡಿದುಕೊಳ್ಳಿ ಎಂದ ಅಂಗಡಿಯವನು.

"ಹಾಸನ, ಲೈನಿನಲ್ಲಿರಿ."

"ಇದೀನಿ." ಅವನು ಗಂಟಲು ಸರಿಮಾಡಿಕೊಂಡ. "ಒಂದು ಕೇಳ್ಲಾ? ಆ ಸೀಟಲ್ಲಿ ವಿನೋದಾ ಅಂತ ಇದ್ರು. ಗೊತ್ತಾ ನಿಮಗೆ?"

"ಗೊತ್ತುಂಟು."

"ಚೆನ್ನಾಗಿದಾರಾ? ಗಂಡ ಒಳ್ಳೆಯವರಾ?"

ಅವಳ ಕಣ್ಣೆದುರಿನ ದೀಪಗಳೆಲ್ಲ ಮಂಜಾದವು. "ಯಾಕೆ ಕೇಳ್ತೀರಿ?"

"ಸುಮ್ನೆ. ನಾನ್ಯಾರೋ, ನೀವ್ಯಾರೋ, ನಿಮ್ಮ ಹತ್ರ ಹೇಳಿದ್ರೆ ಏನಂತೆ? ಅವರ ಮುಖ ನಾನು ನೋಡಿಲ್ಲ ಕಣ್ರೀ. ಆದ್ರೂ ಡ್ಯೂಟಿಗೆ ಬರೋವಾಗ ಶರ್ಟು ಇಸ್ತ್ರಿ ಮಾಡಿಸ್ಕೊಂಡು ಬರ್ತಿದ್ದೆ, ಲೈನಲ್ಲಿ ಕಾಣುತ್ತೇನೋ ಅನ್ನೋ ಹಾಗೆ." ಅವನು ನಗಲು ನೋಡಿದ, ಆಗಲಿಲ್ಲ. "ಜನವರಿಲೇ ಮಂಗಳೂರಿಗೆ ಟ್ರಾನ್ಸ್‌ಫರ್ ಕೇಳಿದ್ದೆ. ಆರ್ಡರ್ ಬಂದ್ಮೇಲೆ ಅವರಿಗೆ ಹೇಳೋಣ ಅಂತ. ಈಗ ಬಂದಿದೆ ನೋಡಿ. ಇವತ್ತು ಸಾಯಂಕಾಲ ಬೇಡ ಅಂತ ಬರೆದುಕೊಡ್ತೀನಿ. ಅಲ್ಲಿಗೆ ಬಂದು ಏನು ಮಾಡ್ಲಿ ನಾನು?"

ಇದ್ದ ಜಾಗದಲ್ಲೇ ಕೂತಿದ್ದರೂ ವಿನೋದಾಳಿಗೆ ಓಡಿಬಂದಂತೆ ಏದುಸಿರು ಬಂತು. ಸುಮ್ಮನಿದ್ದರೆ ಅವನ ಮನಸ್ಸಿನಲ್ಲಿ ಅವಳು ಯಾವಾಗಲೂ ಆ ಸಿಹಿ ಸ್ವರದ ಹುಡುಗಿಯಾಗಿ ಉಳಿಯುತ್ತಾಳೆ. ಮಾತಾಡಿದರೆ ಅವನು ಕೇಳಬೇಕಾದ್ದು ಈ ಸ್ವರವನ್ನು. ಒಂದೂ ಬೇಡವೆನಿಸಿತು. ಅವನು ಬೇಕೆನಿಸಿತು.

"ಬರೆಯಬೇಡಿ," ಎಂದಳು.

"ಏನಂದ್ರಿ?"

"ಬೇಡ ಅಂತ ಬರೆಯಬೇಡಿ. ಅವಳಿಗೆ ಮದುವೆ ಆಗಿಲ್ಲ. ಗಂಟಲಿನ ಆಪರೇಷನ್ ಆದದ್ದು. ಸ್ವರ ಹೋಯ್ತು." ಅವಳು ಉಸಿರು ಎಳೆದುಕೊಂಡಳು. "ನಾನೇ ವಿನೋದಾ."

ಅವನ ಸ್ವರ ಬಿಗಿಯಾಯಿತು. "ನೋಡಿ, ನೀವು ಯಾರೋ ಗೊತ್ತಿಲ್ಲ. ಅವರ ಹೆಸರಲ್ಲಿ ತಮಾಷೆ ಬೇಡ. ಅವರ ಧ್ವನಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿಸಿದ್ರೂ ಹೇಳ್ತೀನಿ ನಾನು."

"ತಮಾಷೆ ಅಲ್ಲ, ನಾನು ನಿಜವಾಗಿ..."

ಟಪ್ಪೆಂದು ಸದ್ದಾಯಿತು. ಆಮೇಲೆ ಲೈನಿನಲ್ಲಿ ಏನೂ ಇಲ್ಲ, ಗಾಳಿಯೂ ಇಲ್ಲ. ಘಾಟಿಯಲ್ಲಿ ಗುಡ್ಡ ಜರಿದು ಕಂಬಗಳು ಬಿದ್ದಿದ್ದವೆಂದು ಆಮೇಲೆ ತಿಳಿಯಿತು. ಅದೇ ಹೊತ್ತಿಗೆ ಬಜಪೆಯಿಂದ ಲೋಕಯ್ಯನವರು ಏದುಸಿರು ಬಿಡುತ್ತ ಕೂಗಿದರು: "ಹಲೋ! ನಾನು ಬಂದೆ! ಮಾತಾಡ್ಲಿಕ್ಕೆ ಹೇಳಿ!"

"ಲೈನ್ ಹೋಯ್ತು ಅಣ್ಣ."

"ಗುಡ್ಡ ಇಳಿದು ಓಡಿಬಂದದ್ದು ಮಾರಾಯ್ರೆ! ಒಂದು ಮಾತೂ ಆಗ್ಲಿಲ್ಲ!"

"ನನ್ನದೂ ಹಾಗೇ ಅಣ್ಣ," ಎಂದು ವಿನೋದಾ ತಂತಿ ಎಳೆದಳು.

*

ಹಾಸನದ ದೀಪ ಮತ್ತೆ ಹೊತ್ತಲಿಲ್ಲ. ಉಮಾವತಿ ಬೆಂಗಳೂರಿನವರ ಕೈಕಾಲು ಹಿಡಿದು ಸುತ್ತುಬಳಸಿ ಒಮ್ಮೆ ಹಾಸನ ಹಿಡಿದಳು. ಎತ್ತಿದವನು ಬೇರೆ ಯಾರೋ. ಪುಟ್ಟರಾಜು ಡ್ಯೂಟಿಯಲ್ಲಿಲ್ಲ, ಎಲ್ಲಿಗೆ ಹೋದ ಗೊತ್ತಿಲ್ಲ ಎಂದ. ಉಮಾವತಿ ಹೆಡ್‌ಸೆಟ್ ಇಟ್ಟು ಅಳಲು ಶುರುಮಾಡಿದಳು. ಸಮಾಧಾನ ಮಾಡುವ ಕೆಲಸ ವಿನೋದಾಳದ್ದೇ ಆಯಿತು.

"ಇರ್ಲಿ ಉಮಕ್ಕ. ನಾನು ಹೇಳಿಯಾಯ್ತಲ್ಲ. ಹೇಳದೆ ಇದ್ದಿದ್ರೆ ಇನ್ನೂ ಕಷ್ಟ ಇತ್ತು."

ಹಗಲು ಹೀಗೆ ಹೇಳಿದಳು. ಸಂಜೆ ಮನೆಗೆ ನಡೆಯುವಾಗ ಅದೇ ಮಾತನ್ನು ನಂಬಲು ನೋಡಿದಳು, ಕೊಡೆ ಮುಖಕ್ಕೆ ಅಡ್ಡ ಹಿಡಿದುಕೊಂಡು.

ಘಾಟಿ ರಸ್ತೆ ತೆರೆಯಿತೆಂದು ಪೇಪರಿನಲ್ಲಿ ಬಂದ ಮರುದಿನ ಬೆಳಿಗ್ಗೆ ಬೋರ್ಡಿಗೆ ಬಿಡುವಿರಲಿಲ್ಲ. ಸಾಲಾಗಿ ಕೂತ ಹುಡುಗಿಯರೆಲ್ಲ ಒಂದೇ ಇಂಪಿನಲ್ಲಿ, ನಂಬರ್ ಪ್ಲೀಸ್, ಹೋಲ್ಡ್ ಮಾಡಿ, ಲೈನ್ ಬ್ಯುಸಿ ಉಂಟು ಎನ್ನುತ್ತಿದ್ದರು. ವಿನೋದಾಳ ಕಿವಿಯಲ್ಲಿ ಕಾಟಿಪಳ್ಳದ ಒಬ್ಬರು ಕಿರುಚುತ್ತಿದ್ದರು. "ಇಲ್ಲ ಸರ್, ಕಂಪ್ಲೇಂಟ್ ಬರ್ಕೊಂಡಿದ್ದೇನೆ. ಹೌದು ಸರ್, ನಾನು ಹೆಂಗಸೇ," ಎಂದಳು ತನ್ನ ಒಡಕು ಸ್ವರದಲ್ಲಿ.

ಬಾಗಿಲು ತೆರೆದ ಸದ್ದಾಯಿತು. ಕುರ್ಚಿಗಳ ಹಿಂದೆ ಒದ್ದೆ ಚಪ್ಪಲಿಯ ಹೆಜ್ಜೆ. ಆ ಹೆಜ್ಜೆ ಯಾವ ಕುರ್ಚಿಯ ಹಿಂದೆಯೂ ನಿಲ್ಲಲಿಲ್ಲ, ಯಾರನ್ನೂ ಕೇಳಲಿಲ್ಲ. ನೇರ ಬಂದು ಅವಳ ಬೆನ್ನ ಹಿಂದೆ ನಿಂತಿತು. ಉಮಾವತಿ ಅರ್ಧ ಮಾತಿನಲ್ಲಿ ಬಾಯಿ ತೆರೆದುಕೊಂಡು ಕೂತಳು.

"ಮಂಗಳೂರು," ಎಂದಿತು ಹಿಂದಿನ ಸ್ವರ. ತಂತಿಯಿಲ್ಲ, ಗರಗರವಿಲ್ಲ, ಇಷ್ಟು ಹತ್ತಿರ.

ಅವಳು ತಿರುಗಲಿಲ್ಲ. ತಿರುಗುವ ಧೈರ್ಯವಾಗಲಿಲ್ಲ. "ನಂಬಿದ್ರಾ?"

"ಇಲ್ಲ. ಘಾಟಿ ಇಳಿಯೋವರೆಗೂ ನಂಬಿರ್ಲಿಲ್ಲ. ಸುಳ್ಳಾದ್ರೆ ಸುಳ್ಳು, ಜಾಯಿನ್ ಆಗಿಬಿಡೋಣ ಅಂತ ಆರ್ಡರ್ ಹಿಡ್ಕೊಂಡು ಬಂದೆ." ಅವನು ಉಸಿರು ಬಿಟ್ಟ. "ನಿಮ್ಮನ್ನ ಹುಡುಕೋದು ಕಷ್ಟ ಆಗ್ಲಿಲ್ಲ. ಇಲ್ಲಿ ಎಲ್ರೂ ಒಂದೇ ಥರ ಮಾತಾಡ್ತಾರೆ. ನೀವೊಬ್ರೇ ಬೇರೆ."

"ಇದು ಹೀಗೇ ಉಳಿಯಬಹುದು," ಎಂದಳು ಬೋರ್ಡಿನ ಕಡೆಯೇ ನೋಡುತ್ತ. "ಡಾಕ್ಟರು ಹೇಳಿದ್ದಾರೆ. ಆ ಹಳೇ ಸ್ವರ ಬರ್ಲಿಕ್ಕಿಲ್ಲ."

"ಆ ಸ್ವರ ಮೂರು ವರ್ಷ ನನ್ನ ಜೊತೆ ಮಾತಾಡ್ತು. ಒಂದು ಸಲಾನೂ ಬನ್ನಿ ಅಂತ ಕರೀಲಿಲ್ಲ." ಅವನು ಮೆಲ್ಲಗೆ ನಕ್ಕ. "ಈ ಸ್ವರ ಮೊದಲನೇ ದಿನಾನೇ, ಬೇಡ ಅಂತ ಬರೆಯಬೇಡಿ ಅಂತು. ನನಗೆ ಇದೇ ಸಾಕು ಕಣ್ರೀ."

ಕಾಟಿಪಳ್ಳದವರು ಕಿವಿಯಲ್ಲಿ ಹಲೋ ಹಲೋ ಎಂದು ಕೂಗುತ್ತಲೇ ಇದ್ದರು. ವಿನೋದಾ ಹೆಡ್‌ಸೆಟ್ ಕಳಚಿ ಉಮಾವತಿಯ ಕೈಗೆ ಕೊಟ್ಟಳು. ಕೊರಳಿನ ಸೆರಗು ಜಾರಿತು, ಕೆಂಪು ಗೆರೆ ಕಂಡಿತು, ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ. ಕುರ್ಚಿ ತಿರುಗಿಸಿ ತಲೆಯೆತ್ತಿ ಅವನ ಮುಖ ನೋಡಿದಳು. ಮಳೆಗೆ ನೆನೆದ ಕೂದಲು, ಇಸ್ತ್ರಿಯ ಗೆರೆ ಮಾಸದ ಶರ್ಟು, ನಿದ್ದೆಗೆಟ್ಟ ಕೆಂಪು ಕಣ್ಣು.

"ಬನ್ನಿ," ಎಂದಳು, ಸಾಲಿನ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ.